ಹಗೇವಿಗೆ ಇಳಿಬಿಟ್ಟ ಚಿಮಣಿ

ಸಭೆಯಲ್ಲಿ ದೀಪ ಬೆಳಗುವ ಹೊತ್ತಿಗೆ ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತೇನೆ. ಭಾಲ್ಕಿಯಲ್ಲಿ ಈಗ ನಾನು ಪಾಠ ಮಾಡುವ ಕಾಲೇಜಿನಲ್ಲಿ ಇದು ಎಲ್ಲರಿಗೂ ಗೊತ್ತು. ಭಕ್ತಿ ಕಡಿಮೆ ಎಂದು ಕೆಲವರು, ಸೊಕ್ಕು ಜಾಸ್ತಿ ಎಂದು ಕೆಲವರು ತಿಳಿದಿದ್ದಾರೆ. ಎರಡನ್ನೂ ತಿದ್ದಲು ಹೋಗಿಲ್ಲ. ಐದೂ ಬತ್ತಿ ಹೊತ್ತಿ, ಮುಖ್ಯ ಅತಿಥಿಗಳು ಮೇಣದಬತ್ತಿ ಊದಿ, ಚಪ್ಪಾಳೆ ಮುಗಿದ ಮೇಲೆ ಒಳಗೆ ಬಂದು ಕೂರುತ್ತೇನೆ. ಮನೆಯಲ್ಲಿ ಒಲೆ ಹಚ್ಚುವ ಮೊದಲು ಗಾಳಿಯನ್ನು ಮೂಸಿ ನೋಡುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಗಾಡಿಯಿಂದಿಳಿದು ರಸ್ತೆಯ ತನಕ ಹೋಗಿ ನಿಲ್ಲುತ್ತೇನೆ. ಇವನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಫೋಟೋಕ್ಕೆಂದು ದೀಪದ ಪಕ್ಕ ಓರೆಯಾಗಿ ನಿಂತು ನಗುವ ವಿದ್ಯಾವಂತರನ್ನು ಕಂಡರೆ ಮಾತ್ರ ಹೋಗಿ ಹಿಂದಕ್ಕೆ ಎಳೆಯಬೇಕೆನಿಸುತ್ತದೆ.

ಇದು ಶುರುವಾದದ್ದು ಔರಾದ್ ಕಡೆಯ ಒಂದು ಹಳ್ಳಿಯ ದಿಬ್ಬದ ಮೇಲೆ, ಒಬ್ಬ ಮುದುಕ ತನ್ನ ನೆಲದಡಿಯ ಹಗೇವಿನ ಬಾಯಿಗೆ ಕಾಲು ಹಾಕುವುದರಲ್ಲಿದ್ದಾಗ. ಆತ ಇಂದಿಗೂ ಬದುಕಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಮುಂದೆ ಬರೆಯಲು ನನ್ನಿಂದಾಗುವುದಿಲ್ಲ.

ನಾನು ಬೀದರಿನವಳು. ಬುದ್ಧನ ಫೋಟೋದ ಮುಂದೆ ಪಂಚಶೀಲ ಹೇಳಿ ಪರೀಕ್ಷೆಗೆ ಹೋಗುವ ಮನೆ ನಮ್ಮದು. ಓದಿದರೆ ಎಲ್ಲ ಸರಿಹೋಗುತ್ತದೆ ಎಂದು ಅಪ್ಪ ನಂಬಿದ್ದರು, ಅಪ್ಪನ ಅಪ್ಪನೂ ನಂಬಿದ್ದರು. ನಾನು ಜೀವರಸಾಯನ ಓದಿ ಮುಗಿಸಿದಾಗ ನಮ್ಮೂರಿನ ಒಂದು ಕಾಲೇಜಿನಲ್ಲಿ ಪ್ರಾಜೆಕ್ಟ್ ಸಹಾಯಕಿಯ ಕೆಲಸ ಸಿಕ್ಕಿತು. ಪ್ರಾಜೆಕ್ಟಿನ ಮುಖ್ಯಸ್ಥರನ್ನು ಎಲ್ಲರೂ ‘ಸರ್’ ಎನ್ನುತ್ತಿದ್ದರು. ಇಲ್ಲಿಯೂ ಅಷ್ಟೇ ಸಾಕು. ಸರ್ ನಮ್ಮ ಕಡೆಯವರೇ, ಆದರೆ ಮೈಕಿನ ಮುಂದೆ ನಿಂತರೆ ಅವರ ಕನ್ನಡ ಬೆಂಗಳೂರಿಗೆ ಹೋಗಿ ಇಸ್ತ್ರಿ ಮಾಡಿಸಿಕೊಂಡು ಬರುತ್ತಿತ್ತು. ನಗಿಸುವಾಗ, ಬೈಯುವಾಗ ಅದು ಮತ್ತೆ ಬೀದರಿಗೆ ಇಳಿಯುತ್ತಿತ್ತು.

ಪ್ರಾಜೆಕ್ಟು ಕೆಟ್ಟದ್ದಾಗಿರಲಿಲ್ಲ. ಭಾಲ್ಕಿಯ ಒಂದು ಗಿರಣಿಯ ಹಿಂದೆ ಎರಡು ಗುಡ್ಡೆ ಬೀಳುತ್ತಿದ್ದವು. ಒಂದು, ತೊಗರಿ ಬೇಳೆ ಒಡೆದಾಗ ಬಿಡುವ ಹೊಟ್ಟು. ಇನ್ನೊಂದು, ಸೋಯಾದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ಎರಡೂ ದನಕರುಗಳ ಬಾಯಿಗೆ ಹೋಗುತ್ತಿದ್ದವು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹಿಂಡಿಯ ಹೆಚ್ಚುಕಡಿಮೆ ಅರ್ಧದಷ್ಟು ಬರಿಯ ಪ್ರೋಟೀನು. ಅದನ್ನು ಹೊರಗೆ ತೆಗೆದು ಮನುಷ್ಯರು ತಿನ್ನುವಂತೆ ಮಾಡಬೇಕೆನ್ನುವುದು ನಮ್ಮ ಕೆಲಸ. ನಾನು ತೊಗರಿ ಹೊಟ್ಟನ್ನು ಬೇಯಿಸಿ, ತಟ್ಟೆಗಳಲ್ಲಿ ಹರಡಿ, ಅದರ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸುತ್ತಿದ್ದೆ. ಬೂಷ್ಟು ಬೆಳೆಯುತ್ತಾ ಕಿಣ್ವ ಬಿಡುತ್ತದೆ. ಕಿಣ್ವವೆಂದರೆ ಕತ್ತರಿ ಇದ್ದ ಹಾಗೆ, ಉದ್ದುದ್ದ ಪ್ರೋಟೀನನ್ನು ತುಂಡು ತುಂಡು ಮಾಡಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಒಂದು ಗುಡ್ಡೆಯ ಕಸದಿಂದ ಕತ್ತರಿ, ಇನ್ನೊಂದು ಗುಡ್ಡೆಯ ಕಸದಿಂದ ಬಟ್ಟೆ. ತಟ್ಟೆಗಳ ಮೇಲೆ ಬೂಷ್ಟು ಬೆಳ್ಳಗೆ ಏರಿ ಬಂದ ಬೆಳಿಗ್ಗೆ ಕೋಣೆಯ ತುಂಬ ಮಳೆಗಾಲದ ಅಣಬೆಯ ವಾಸನೆ ಇರುತ್ತಿತ್ತು. ಆ ವಾಸನೆಯನ್ನು ನಾನು ಈಗಲೂ ಇಷ್ಟಪಡುತ್ತೇನೆ. ಇಡೀ ಪ್ರಾಜೆಕ್ಟಿನಲ್ಲಿ ಸುಳ್ಳು ಹೇಳದ ಸಂಗತಿ ಅದೊಂದೇ.

ಕತ್ತರಿಗೆ ಒಂದು ದುರ್ಗುಣವಿದೆ. ಅತಿಯಾಗಿ ಕತ್ತರಿಸಲು ಬಿಟ್ಟರೆ ಪ್ರೋಟೀನಿನ ಸಣ್ಣ ತುಂಡುಗಳು ಕಹಿಯಾಗುತ್ತವೆ. ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಹುಡುಕುವುದೇ ನಿಜವಾದ ಸಂಶೋಧನೆ. ಅದಕ್ಕೆ ತಾಳ್ಮೆ ಬೇಕು, ಸರ್‌ಗೆ ಪ್ಯಾಕೆಟ್ಟು ಬೇಕಾಗಿತ್ತು. ಕಹಿ ಪುಡಿಯಲ್ಲೇ ಬಿಸ್ಕೆಟ್ ಮಾಡಿಸಿದರು. ಪ್ಯಾಕೆಟ್ಟಿನ ಮೇಲೆ ‘ಕಸದಿಂದ ರಸ’ ಎಂದು ಹಸಿರು ಅಕ್ಷರ, ಕೆಳಗೆ ಅವರದೇ ಭಾವಚಿತ್ರ. ರುಚಿ ನೋಡಲು ಬಂದ ಸಮಿತಿಯವರೆಲ್ಲ ತಲೆಯಾಡಿಸಿ ಭೇಷ್ ಎಂದರು, ಉಳಿದ ತುಂಡನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಒಮ್ಮೆ ಔರಾದ್ ಕಡೆ ಹೋದಾಗ ಅದೇ ಬಿಸ್ಕೆಟ್ಟನ್ನು ಮುತ್ಯಾ ತನ್ನ ಕುರಿಗಳಿಗೆ ಹಿಡಿದ. ಕುರಿ ಮೂಸಿ, ಅವನ ಮುಖ ನೋಡಿ, ಹಿಂದೆ ಸರಿಯಿತು. ಅದು ಸಮಿತಿಯ ಸದಸ್ಯನಾಗಿರಲಿಲ್ಲ.

ಮುತ್ಯಾ ಎಂದರೆ ನಾನು ಹೇಳಿದ ಆ ಮುದುಕ, ನಮ್ಮ ಕಡೆ ಅಜ್ಜನನ್ನು ಹಾಗೆನ್ನುತ್ತೇವೆ. ಕಮಲನಗರದ ದಾರಿಯಿಂದ ಒಳಗೆ ಹೋದರೆ ಸಿಗುವ ಆ ಹಳ್ಳಿಯಲ್ಲಿ ಅವನಿಗೆ ಮಳೆಯಾಶ್ರಯದ ಹೊಲ, ಒಂದು ಹಿಂಡು ಕುರಿ, ಮತ್ತು ಊರ ಪಕ್ಕದ ದಿಬ್ಬದ ಮೇಲೆ ಅಜ್ಜಂದಿರ ಕಾಲದ ಹಗೇವು. ಹಗೇವು ನೋಡದವರಿಗಾಗಿ ಹೇಳುತ್ತೇನೆ. ಗಟ್ಟಿ ಮುರುಮಿನ ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ, ಜೋಳ ತುಂಬಿಡುವ ನೆಲದಡಿಯ ಕಣಜ ಅದು. ಬಾಯಿ ಒಬ್ಬ ಮನುಷ್ಯ ತೂರುವಷ್ಟು ಇಕ್ಕಟ್ಟು, ಒಳಗೆ ಹೊಟ್ಟೆ ಅಗಲ. ಮೇಲೆ ಹಾಸುಗಲ್ಲು ಎಳೆದು ಸಂದಿಗೆ ಸಗಣಿ ಮೆತ್ತಿದರೆ ಹುಳ ಹೋಗುವುದಿಲ್ಲ, ಇಲಿ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ. ಗಾಳಿ ಹೋಗದಿರುವುದೇ ಅದರ ಗುಣ, ಅದರ ಅಪಾಯವೂ ಹೌದು. ಮುಚ್ಚಿದ ಕಾಳು ಒಳಗಿನ ಗಾಳಿಯನ್ನು ಕೆಡಿಸುತ್ತದೆ, ಹಾಗೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕಾಗಿ ಒಂದು ಪದ್ಧತಿ. ಸೀಮೆಎಣ್ಣೆಯ ಚಿಮಣಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡಬೇಕು. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಮುತ್ಯಾನ ಮನೆಯಲ್ಲಿ ದೀಪ ಬಿಡದೆ ಹಗೇವಿಗೆ ಇಳಿದವರಿಲ್ಲ. ಅವರ ಮನೆಯಲ್ಲಿ ಹಗೇವಿನಲ್ಲಿ ಸತ್ತವರೂ ಇಲ್ಲ.

ಸೋಯಾ ಬೆಳೆಗಾರರ ಜೊತೆಗೆ ಪಾಲುದಾರಿಕೆ ಎಂದು ಪ್ರಾಜೆಕ್ಟಿನಲ್ಲಿ ಒಂದು ಸಾಲು ಇದ್ದುದರಿಂದ ನಾವು ಆ ಊರಿಗೆ ಹೋಗತೊಡಗಿದ್ದೆವು. ಸರ್ ಹಗೇವನ್ನು ಕಂಡರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ‘ನಮ್ಮ ದೇಸಿ ಜ್ಞಾನ’ ಎಂದರು. ಮುತ್ಯಾ ಅವರಿಗೆ ಮಜ್ಜಿಗೆ ಕೊಟ್ಟ. ಆಗ ಅಷ್ಟೇ ಆಗಿದ್ದು.

ಇನ್ನು ಹೆಕ್ಸೇನಿನ ಮಾತು. ಗಿರಣಿಯ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಇರುತ್ತದೆ. ಅದು ಇದ್ದರೆ ಪ್ರೋಟೀನು ಬೆಳ್ಳಗೆ ಬರುವುದಿಲ್ಲ, ಕೆಲವು ದಿನಕ್ಕೆ ಕಮಟು ನಾರುತ್ತದೆ. ಆ ಎಣ್ಣೆ ತೆಗೆಯಲು ಹೆಕ್ಸೇನಿನಲ್ಲಿ ತೊಳೆಯುತ್ತಾರೆ. ಹೆಕ್ಸೇನ್ ಎಂದರೆ ಪೆಟ್ರೋಲಿನ ತಮ್ಮನೆನ್ನಿ. ನೋಡಲು ನೀರಿನ ಹಾಗೆ, ಬೆಂಕಿ ಕಂಡರೆ ಅಣ್ಣನಿಗಿಂತ ಆತುರ. ತೊಳೆದ ಮೇಲೆ ಹಿಂಡಿಯೊಳಗೆ ಉಳಿದ ಹೆಕ್ಸೇನನ್ನು ಹಬೆ ಹಾಯಿಸಿ ಪೂರ್ತಿ ಓಡಿಸಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೆಂದೇ ಯಂತ್ರವಿರುತ್ತದೆ. ಇದನ್ನು ಸರ್ ತಾವೇ ತರಗತಿಯಲ್ಲಿ ಪಾಠ ಮಾಡುತ್ತಿದ್ದರು, ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸುತ್ತಿದ್ದರು.

ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ನಾವು ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ ತೊಳೆಯುವ ಡ್ರಮ್ಮು ಇತ್ತು, ಹಬೆಯ ವ್ಯವಸ್ಥೆ ಇರಲಿಲ್ಲ. ಯಾಕೆ ಎಂದು ಕೇಳಿದೆ. “ಬೀದರ ಬಿಸಿಲಿಗಿಂತ ದೊಡ್ಡ ಬಾಯ್ಲರ್ ಎಲ್ಲಿ ಅದ?” ಎಂದರು ಸರ್. ಅದು ಹಾಸ್ಯವೆಂದು ಎಲ್ಲರೂ ನಕ್ಕರು, ಆಮೇಲೆ ಅದೇ ವಿಧಾನವಾಯಿತು. ತೊಳೆದ ಹಿಂಡಿಯನ್ನು ಅಂಗಳದಲ್ಲಿ ತಾಡಪಾಲಿನ ಮೇಲೆ ಹರಡುತ್ತಿದ್ದೆವು. ಬಿಸಿಲಿದ್ದ ದಿನ ಅದು ಹೇಗೋ ನಡೆಯುತ್ತಿತ್ತು. ಮೋಡ ಕವಿದ ದಿನ ನಾನು ಹಿಂಡಿಯ ಮೇಲೆ ಬಗ್ಗಿ ಮೂಸಿ ಸಾಕಾಗಿಲ್ಲ ಎನ್ನುತ್ತಿದ್ದೆ, ಸರ್ ನಿಂತಲ್ಲಿಂದಲೇ ಸಾಕು ಎನ್ನುತ್ತಿದ್ದರು.

ಆ ಸಲ ಸೋಯಾ ರಾಶಿಯ ಹೊತ್ತಿಗೆ ಮಳೆ ಹಿಡಿದುಕೊಂಡಿತು. ತೊಳೆದ ಹಿಂಡಿಯೆಲ್ಲ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಪಕ್ಕದ ಶೆಡ್ಡಿನವರು ತಲೆನೋವು ಬರುತ್ತಿದೆ, ಈ ವಾಸನೆ ತೆಗೆಯಿರಿ ಎಂದು ಜಗಳಕ್ಕೆ ಬಂದರು. ನನ್ನ ಮಾತಿಗೆ ಸಾಕ್ಷಿ ಹೇಳಿದ ಅವರ ಮೂಗಿಗೆ ನಾನು ಈಗಲೂ ಕೃತಜ್ಞಳು. ಸರ್ ಒಂದು ಬೆಳಿಗ್ಗೆ ಬಹಳ ಖುಷಿಯಲ್ಲಿ ಬಂದರು. ಚೀಲಗಳನ್ನು ಮುತ್ಯಾನ ಹಗೇವಿನಲ್ಲಿಡುವುದಂತೆ. ತಂಪು, ಕತ್ತಲೆ, ಹುಳ ಬರದ ಜಾಗ. ಹೊಸ ವಿಜ್ಞಾನ, ಹಳೆಯ ಕಣಜ. ಹಣ ಕೊಟ್ಟ ಮೇಲಿನವರ ತಂಡ ಪ್ರಾಜೆಕ್ಟು ನೋಡಲು ಬಂದಾಗ ಅವರ ಎದುರಿಗೇ ಹಗೇವು ತೆರೆಯುವುದು. ಅದರ ವೀಡಿಯೋ ಮಾಡುವುದು.

ನಾನು ಹೇಳಿದೆ, ಸರ್, ಹೆಕ್ಸೇನ್ ಇನ್ನೂ ಇದೆ, ಮುಚ್ಚಿದ ಗುಂಡಿಯಲ್ಲಿ ಅದರ ಆವಿ ಎಲ್ಲಿಗೂ ಹೋಗುವುದಿಲ್ಲ, ಗಾಳಿಗಿಂತ ಭಾರ ಅದು. ಸರ್ ಪ್ರೀತಿಯಿಂದಲೇ ನಕ್ಕರು. “ಏ, ನೀ ಪುಸ್ತಕ ಭಾಳ ಓದೀದಿ. ಅಷ್ಟರಾಗ ಎಲ್ಲಾ ಹಾರಿ ಹೋಗಿರ್ತದ.” ಗಾಳಿಯೇ ಹೋಗದ ಜಾಗದಿಂದ ಅದು ಹಾರಿ ಹೋಗುವುದು ಹೇಗೆಂದು ನಾನು ಕೇಳಿದೆ. ಈ ಸಲ ಬೈಯುವ ಬೀದರಿನ ಕನ್ನಡ ಬಂತು. ಸುಮ್ಮನಾದೆ ಎಂದೇನಲ್ಲ. ಮತ್ತೊಬ್ಬ ಹಿರಿಯರ ಬಳಿ ಹೋಗಿ ಹೇಳಿದೆ. ಅವರು ಸರ್ ಹತ್ತಿರ ಮಾತಾಡು ಎಂದರು. ನಮ್ಮ ಕಾಲೇಜಿನಲ್ಲಿ ದಾರಿಗಳೆಲ್ಲ ಹಾಗೆ ದುಂಡಗಿದ್ದವು.

ಚೀಲಗಳು ಖಾಲಿ ಹಗೇವಿಗೆ ಇಳಿದವು, ಬಾಯಿಗೆ ಹಾಸುಗಲ್ಲು ಎಳೆದು ಮುಚ್ಚಿದರು. ಕೆಲವು ವಾರದ ಮೇಲೆ ತಂಡ ಬಂತು. ಮಳೆ ಬಿಟ್ಟು ಸ್ವಚ್ಛ ಬಿಸಿಲು. ಬೀದರಿನಿಂದ ಎರಡು ಕಾರು ಹೊರಟವು. ಜನವಾಡ ದಾಟುವ ತನಕ ಸರ್ ಮುಂದಿನ ಸೀಟಿನಲ್ಲಿ ಕೂತು ಭಾಷಣ ಅಭ್ಯಾಸ ಮಾಡಿದರು. ದಿಬ್ಬದ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಮುತ್ಯಾ ಹೊಸ ರುಮಾಲು ಸುತ್ತಿ, ಬೆಳ್ಳನೆಯ ಧೋತರ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿ ಮದುವೆಯ ಗಂಡಿನ ಹಾಗೆ ನಿಂತಿದ್ದ. ಅವನ ಹೆಂಡತಿ, ನಾವೆಲ್ಲ ಆಯಿ ಎನ್ನುವವಳು, ಹೆಂಗಸರ ಜೊತೆ ಹಿಂದೆ ಕೂತು ಅವನನ್ನು ನೋಡಿ ನಗುತ್ತಿದ್ದಳು.

ಇಬ್ಬರು ಹಾರೆ ಹಾಕಿ ಹಾಸುಗಲ್ಲು ಸರಿಸಿದರು. ವಾಸನೆ ಬಂತು. ಸಿಹಿಯಾದ, ತಣ್ಣನೆಯ, ಪೆಟ್ರೋಲಿನಂಥ ವಾಸನೆ. ಮುಂದಿನ ಸಾಲಿನ ಅತಿಥಿಯೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು ಇದು ಪ್ರೋಟೀನಿನ ವಾಸನೆಯೇ ಎಂದು ಕೇಳಿದರು. ಹೌದು ಸರ್, ಪ್ರೋಟೀನ್ ಪಕ್ವವಾದ ಲಕ್ಷಣ ಎಂದರು ನಮ್ಮ ಸರ್. ಈ ವಾಕ್ಯವನ್ನು ಒಬ್ಬ ಪ್ರಾಧ್ಯಾಪಕ ಹಗಲು ಹೊತ್ತಿನಲ್ಲಿ, ಎಚ್ಚರವಾಗಿದ್ದಾಗ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಮುತ್ಯಾ ಚಿಮಣಿ ತಂದ. ಹಗ್ಗದ ತುದಿಗೆ ತಂತಿ, ತಂತಿಗೆ ಬುಡ್ಡಿ. ಸರ್ ಅದನ್ನು ಕಂಡರು. ಅವರ ಮುಖದಲ್ಲಿ ಭಯ ಬರುತ್ತದೆಂದು ನಾನು ಕಾದೆ. ಬಂದದ್ದು ಹೊಳಪು. ಅವರು ಮೈಕು ಹಿಡಿದು, ಸನ್ಮಾನ್ಯ ಅತಿಥಿಗಳು ಈ ಪಾರಂಪರಿಕ ದೀಪವನ್ನು ಬೆಳಗಿಸುವ ಮೂಲಕ ಕಾರ್ಯಕ್ರಮಕ್ಕೆ ಚಾಲನೆ ನೀಡಬೇಕೆಂದು ಕೋರಿದರು. ವೀಡಿಯೋದವನು ಹತ್ತಿರ ಬಂದ. ಮುಖ್ಯ ಅತಿಥಿಗಳು, ಹಗೇವಿನ ಬಾಯಿಂದ ಸ್ವಲ್ಪ ದೂರದಲ್ಲಿ, ಕಡ್ಡಿ ಗೀರಿ ಬತ್ತಿಗೆ ಹಚ್ಚಿ ಕ್ಯಾಮೆರಾ ನೋಡಿದರು. ಚಪ್ಪಾಳೆ.

ನಾನು ಸರ್ ಹತ್ತಿರ ಹೋಗಲಿಲ್ಲ. ಹೋಗಿ ಸಾಕಾಗಿತ್ತು. ಮುತ್ಯಾನ ಹತ್ತಿರ ಹೋದೆ.

“ಮುತ್ಯಾ, ಇದು ಜ್ವಾಳದ ಗಾಳಿ ಅಲ್ಲರಿ. ಒಳಗಿನ ಹಿಂಡಿಯಾಗ ಪೆಟ್ರೋಲಿನಂಥದು ಅದ. ಇದಕ್ಕ ದೀಪ ತೋರಸಬಾರದು.”

ಅವನು ನನ್ನನ್ನು ಕರುಣೆಯಿಂದ ನೋಡಿದ. “ನಿಮ್ಮ ಸಾಲಿಯಾಗ ಹಗೇವ ಅದ ಏನವ್ವಾ?”

“ಇಲ್ಲರಿ.”

“ಮತ್ತ? ದೀಪ ಆರಿದ್ರ ಒಳಗ ಯಮ ಕುಂತಾನ. ಉರದ್ರ ಒಳಗ ನಮ್ಮ ಮನಿ. ನಮ್ಮ ಮುತ್ಯಾನ ಮುತ್ಯಾನೂ ಹಿಂಗೇ ನೋಡಿ ಇಳದಾನ.”

“ಇದರಾಗ ಉಲ್ಟಾ ಅದರಿ. ಉರದ್ರೇ ಯಮ.”

ಅವನು ನಕ್ಕು ಹೆಂಗಸರ ಕಡೆ ತಿರುಗಿ, ಈ ಹುಡುಗಿ ಯಮನಿಗೂ ಹೊಸ ಸಾಲಿ ಕಲಿಸುತ್ತಾಳೆ ಎಂದ. ಎಲ್ಲರೂ ನಕ್ಕರು. ಸರ್ ದೂರದಿಂದ ನನ್ನತ್ತ ಕೈ ಬೀಸಿದರು, ನೊಣ ಓಡಿಸುವ ಹಾಗೆ. ನಾನು ವೀಡಿಯೋದ ಚೌಕಟ್ಟಿನಲ್ಲಿ ಬರುತ್ತಿದ್ದೆನಂತೆ.

ಮುತ್ಯಾ ಹಗ್ಗ ಬಿಟ್ಟ. ನಾನು ಅವನ ಬೆನ್ನ ಹಿಂದೆ ನಿಂತೆ, ಅವನ ಭುಜದ ಮೇಲಿಂದ ಒಳಗೆ ನೋಡಿದೆ. ಇದನ್ನೇ ನಾನು ಮತ್ತೆ ಮತ್ತೆ ನೋಡುವುದು. ಬಸ್ಸಿನಲ್ಲಿ ಕೂತಾಗ, ಉತ್ತರಪತ್ರಿಕೆ ತಿದ್ದುವಾಗ, ಅಕ್ಕಿ ತೊಳೆಯುವಾಗ ಕೈ ನಿಂತುಬಿಡುತ್ತದೆ. ಕತ್ತಲೆಯ ಕೊರಳಿನಲ್ಲಿ ಒಂದು ಸಣ್ಣ ಹಳದಿ ಜ್ವಾಲೆ ಕೆಳಗೆ ಹೋಗುತ್ತಿದೆ. ಅದು ಆರುವುದಿಲ್ಲ. ಅದು ಉದ್ದವಾಗುತ್ತದೆ. ಬತ್ತಿಯಿಂದ ಮೇಲೆದ್ದು, ತೆಳ್ಳಗೆ, ತುದಿಯಲ್ಲಿ ನೀಲಿಯಾಗಿ, ಯಾರೋ ಮೇಲಿಂದ ಎಳೆದ ಹಾಗೆ ಎದ್ದು ನಿಲ್ಲುತ್ತದೆ.

ಮುತ್ಯಾ ಹಗ್ಗ ಹಿಡಿದ ಕೈಯನ್ನು ಅಲ್ಲಿಗೇ ನಿಲ್ಲಿಸಿದ. ಅವನ ಮುಖ ಅರಳಿತು.

“ನೋಡ್ರಿ ಸಾಹೇಬ್ರ, ದೀಪ ಹ್ಯಾಂಗ ಕುಣಿಲಿಕ್ಕತ್ತದ. ಗಾಳಿ ಬರೋಬ್ಬರಿ ಅದ. ಇಳಿತೇನಿ.”

ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟು, ಬಾಯಿಯ ಅಂಚಿನಲ್ಲಿ ಕೂತು, ಬಲಗಾಲು ಒಳಗೆ ಹಾಕಲು ಎತ್ತಿದ. ಕೈ ಅಂಚಿನ ಕಲ್ಲಿನ ಮೇಲಿತ್ತು. ಹಗ್ಗ ಹಿಡಿದವನು ಚಿಮಣಿಯನ್ನು ಇನ್ನೊಂದು ಗೇಣು ಕೆಳಗೆ ಬಿಟ್ಟ. ನಾನು ಎರಡೂ ಕೈಯಿಂದ ಮುತ್ಯಾನ ಸೊಂಟದ ಧೋತರದ ಗಂಟು ಹಿಡಿದು ಹಿಂದಕ್ಕೆ ಬಿದ್ದೆ. ಎಳೆದೆ ಎನ್ನುವುದಕ್ಕಿಂತ ಬಿದ್ದೆ ಎನ್ನುವುದೇ ಸರಿ. ಅವನ ಭಾರ ನನ್ನ ಮೇಲೆ ಬಂತು. ಅದೇ ಹೊತ್ತಿಗೆ ಧಪ್ಪೆಂದಿತು. ಸ್ಫೋಟದ ಸದ್ದಲ್ಲ, ಒದ್ದೆಯಾದ ದೊಡ್ಡ ಜಮಖಾನೆ ಕೊಡವಿದಂಥ ಸದ್ದು. ಹಗೇವಿನ ಬಾಯಿಂದ ಬೆಂಕಿ ಒಂದು ಆಳೆತ್ತರ ಎದ್ದು, ಅವನು ಕೂತಿದ್ದ ಜಾಗವನ್ನೆಲ್ಲ ನೆಕ್ಕಿ, ಒಳಗೆ ಹೋಯಿತು. ಕಲ್ಲಿನ ಮೇಲೆ ಉಳಿದಿದ್ದ ಅವನ ಬಲಗೈ ಸುಟ್ಟಿತು. ಹುಬ್ಬು, ಮೀಸೆಯ ಒಂದು ಭಾಗ ಹೋಯಿತು. ನನ್ನ ಮುಂಗೂದಲು ಚುರುಟಿತು. ಹಗ್ಗ ಹಿಡಿದವನು ನಿಂತೇ ಇದ್ದುದರಿಂದ ಹಿಂದಕ್ಕೆ ಹಾರಿ ಪಾರಾದ.

ವೇದಿಕೆಯ ಕಡೆ ನೋಡಿದಾಗ ವೇದಿಕೆ ಖಾಲಿಯಿತ್ತು. ಮುಖ್ಯ ಅತಿಥಿಗಳು ಒಂದು ಬೂಟು ಬಿಟ್ಟು ಹೋಗಿದ್ದರು. ಸರ್ ಕಾರಿನ ಹಿಂದೆ ಕೂತಿದ್ದರು, ಕಾರಿನ ಪೆಟ್ರೋಲ್ ಟ್ಯಾಂಕಿನ ಪಕ್ಕಕ್ಕೇ. ಅಪಾಯದ ಹೊತ್ತಿನಲ್ಲೂ ಅವರ ವಿಜ್ಞಾನ ಅವರನ್ನು ಕೈಬಿಟ್ಟಿರಲಿಲ್ಲ. ಆಯಿ ಮತ್ತು ಉಳಿದ ಹೆಂಗಸರು ಬುಟ್ಟಿಗಳಲ್ಲಿ ಮಣ್ಣು ತಂದು ಹಗೇವಿನ ಬಾಯಿಗೆ ಸುರಿದರು. ಹೊಗೆ ಸಂಜೆಯವರೆಗೂ ಆಡಿತಂತೆ. ನಾವು ಆಗಲೇ ಮುತ್ಯಾನನ್ನು ಕಾರಿನಲ್ಲಿ ಹಾಕಿಕೊಂಡು ಔರಾದಿಗೆ, ಅಲ್ಲಿಂದ ಬೀದರಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ಅವನು, ಆರಲಿಲ್ಲಲ್ಲಾ, ದೀಪ ಆರಲಿಲ್ಲಲ್ಲಾ, ಎಂದು ಅಷ್ಟನ್ನೇ ಹೇಳುತ್ತಿದ್ದ.

ಮುಂದಿನ ಸೀಟಿನಲ್ಲಿ ಸರ್ ಫೋನಿನಲ್ಲಿದ್ದರು. ಜನವಾಡಕ್ಕೆ ಬರುವ ಹೊತ್ತಿಗೆ ಘಟನೆ ಸಿದ್ಧವಾಗಿತ್ತು. ಹಳ್ಳಿಯವರ ಮೂಢನಂಬಿಕೆ, ಬೇಡವೆಂದರೂ ದೀಪ ಬಿಟ್ಟರು, ಸಣ್ಣ ಅವಘಡ. ಬೆಳಿಗ್ಗೆ ಹನ್ನೊಂದಕ್ಕೆ ಮೈಕಿನಲ್ಲಿ ದೇಸಿ ಜ್ಞಾನವಾಗಿದ್ದುದು ಊಟದ ಹೊತ್ತು ಮುಗಿಯುವುದರೊಳಗೆ ಮೂಢನಂಬಿಕೆಯಾಗಿತ್ತು. ನನ್ನ ಕಿಣ್ವ ಕೂಡ ಯಾವುದನ್ನೂ ಇಷ್ಟು ಬೇಗ ಕತ್ತರಿಸಿದ್ದಿಲ್ಲ. ವೀಡಿಯೋದಲ್ಲಿ ಯಾರು ದೀಪ ಹಚ್ಚಿದರೆಂಬುದು ಕಾಣುತ್ತದೆ ಎಂದು ನಾನು ಹಿಂದಿನ ಸೀಟಿನಿಂದ ಹೇಳಿದೆ. ಆಮೇಲೆ ಆ ವೀಡಿಯೋ ಯಾರಿಗೂ ಸಿಗಲಿಲ್ಲ. ನಾನು ಕಾಲೇಜಿನ ಸಭೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಎಲ್ಲರೂ ಗಂಭೀರವಾಗಿ ಕೇಳಿದರು, ಚಹಾ ಬಂತು, ಬಿಸ್ಕೆಟ್ ಬಂತು. ನಮ್ಮದಲ್ಲ, ಅಂಗಡಿಯದು. ಕೆಲಸ ಬಿಟ್ಟೆ.

ಮುತ್ಯಾ ಮನೆಗೆ ಮರಳಿದ ಮೇಲೆ ನೋಡಲು ಹೋದೆ. ಕೈಗೆ ಪಟ್ಟಿ, ಹುಬ್ಬಿಲ್ಲದ ಮುಖ. ಆಯಿ ಮಾತಾಡಿದಳು.

“ಇಷ್ಟ ವರ್ಷ ಸಂಸಾರ ಮಾಡೀನಿ, ಸಿಟ್ಟು ಬಂದಾಗೂ ನಾ ಒಮ್ಮಿ ಇವನ ಧೋತರಕ್ಕ ಕೈ ಹಾಕಿಲ್ಲ. ನೀ ಸಾಹೇಬರ ಮುಂದ, ಕ್ಯಾಮೆರಾ ಮುಂದ ಎಳದಿ. ಅದೇ ಚಿಂತಿ ಅವಗ.”

ಮುತ್ಯಾ ಗೋಡೆಯ ಕಡೆ ತಿರುಗಿಕೊಂಡ. ಚಿಂತೆ ಧೋತರದ್ದಲ್ಲ ಎನ್ನುವುದು ನನಗೂ ಆಯಿಗೂ ಗೊತ್ತಿತ್ತು. ಅವನು ಹಗೇವನ್ನು ಕಲ್ಲುಮಣ್ಣು ತುಂಬಿ ಮುಚ್ಚಿಬಿಡಲು ಆಳುಗಳಿಗೆ ಹೇಳಿದ್ದ. ಆ ಹಗೇವು ಕೆಟ್ಟಿದೆ, ಅಜ್ಜಂದಿರ ದೀಪವೂ ಅದರೊಳಗೆ ಸುಳ್ಳು ಹೇಳಿದೆ, ಇನ್ನು ನಾಳೆ ತನ್ನ ಮಕ್ಕಳು ಯಾವುದನ್ನು ನಂಬಿ ಇಳಿಯಬೇಕು ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಕಾರಿನಲ್ಲಿ ಸರ್ ಅವನನ್ನು ಮೂಢ ಎಂದದ್ದು ಆ ನೋವಿನಲ್ಲಿ ಅವನ ಕಿವಿಗೆ ಬಿದ್ದಿರಲಿಲ್ಲ. ಅವನೇ ತನ್ನನ್ನು ಹಾಗೆ ಕರೆದುಕೊಳ್ಳತೊಡಗಿದ್ದ. ನಾನು ಬೆಂಕಿಯಿಂದ ಎಳೆದ ಮನುಷ್ಯ ಹೀಗೆ ಗೋಡೆ ನೋಡಿಕೊಂಡು ಕೂರುವುದನ್ನು ನನ್ನಿಂದ ನೋಡಲಾಗಲಿಲ್ಲ. ಅವತ್ತು ಏನಾಯಿತೆಂದು ಮಾಡಿ ತೋರಿಸುತ್ತೇನೆ ಎಂದೆ.

ನಾನು ಹೆಕ್ಸೇನ್ ತಂದಿರಲಿಲ್ಲ. ಅದನ್ನು ಬಸ್ಸಿನಲ್ಲಿ ತರುವಷ್ಟು ದೊಡ್ಡ ವಿಜ್ಞಾನಿ ನಾನಲ್ಲ. ಪಕ್ಕದ ಮನೆಯವರ ಬೈಕಿನಿಂದ ಒಂದು ಮುಚ್ಚಳದಷ್ಟು ಪೆಟ್ರೋಲು ತರಿಸಿದೆ. ಅಂಗಳದಲ್ಲಿ ಹಳೆಯ ತಗಡೊಂದನ್ನು ಕಾಲುವೆಯ ಹಾಗೆ ಬಗ್ಗಿಸಿ, ಇಳಿಜಾರಾಗಿ ಇಟ್ಟೆ. ಕೆಳತುದಿಯಲ್ಲಿ ಮಣ್ಣಿನ ಹಣತೆ ಇಟ್ಟೆ. ಮೇಲ್ತುದಿಗೆ ಬರಬೇಕಾದದ್ದು ಪೆಟ್ರೋಲಿಗೆ ಅದ್ದಿದ ಚಿಂದಿ. ಹಣತೆ ಮೊದಲು ಹಚ್ಚಬೇಕು. ಕಡ್ಡಿಪೆಟ್ಟಿಗೆ ತೆಗೆದೆ. ಒಂದು ಕಡ್ಡಿ ಮುರಿಯಿತು, ಇನ್ನೊಂದು ಬಿತ್ತು. ಕಣ್ಣ ಮುಂದೆ ಆ ಉದ್ದನೆಯ ನೀಲಿ ತುದಿ. ಆಯಿ ಪೆಟ್ಟಿಗೆ ತೆಗೆದುಕೊಂಡು ಗೀರಿ ಹಚ್ಚಿದಳು. ಆಮೇಲೆ ನಾನು ಚಿಂದಿಯನ್ನು ಮೇಲಿಟ್ಟು ಎಲ್ಲರನ್ನೂ ದೂರ ಕರೆದೆ.

ಚಿಂದಿಗೂ ದೀಪಕ್ಕೂ ನಡುವೆ ಒಂದು ಮಾರು ಖಾಲಿ ತಗಡು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮುತ್ಯಾ ಜಗಲಿಯಿಂದಲೇ ಬಗ್ಗಿ ನೋಡುತ್ತಿದ್ದ. ಕೆಳಗಿನ ದೀಪ ಒಮ್ಮೆ ಉದ್ದವಾಯಿತು. ಮರುಕ್ಷಣ ಬೆಂಕಿ ಖಾಲಿ ತಗಡಿನ ಮೇಲೆ ಹಾವಿನಂತೆ ಸರ್ರನೆ ಮೇಲಕ್ಕೆ ಓಡಿ ಚಿಂದಿಯನ್ನು ಹಿಡಿಯಿತು.

ಮುತ್ಯಾ ಎದ್ದು ಬಂದ. ತಗಡಿನ ಸುತ್ತ ಎರಡು ಸಲ ತಿರುಗಿದ.

“ಅಂದ್ರ ಇದು ನೀರಿನ ಜಾತಿ. ಕಾಣದ ನೀರು. ತಗ್ಗಿಗೆ ಹರದು ಕುಂದರ್ತದ.”

“ಹೌದರಿ.”

“ಮತ್ತ ಅವತ್ತ ದೀಪ ಕುಣದದ್ದು...”

“ಈ ನೀರಾಗ ಕಾಲಿಟ್ಟಿತ್ತು, ಅದಕ್ಕ.”

ಅವನು ಬಗ್ಗಿ ತಗಡಿನ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ, “ನಮ್ಮ ಹಗೇವದ್ದು ತಪ್ಪಿಲ್ಲ,” ಎಂದ. ಅದನ್ನು ನನಗೆ ಹೇಳಿದ್ದಲ್ಲ. ಆಯಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಹಗೇವು ಮುಚ್ಚುವ ಆಳುಗಳಿಗೆ ಅವನು ಬರಬೇಡಿರೆಂದ. ಸುಟ್ಟ ಹಿಂಡಿಯನ್ನೆಲ್ಲ ತೆಗೆಸಿ ಬೇಸಿಗೆಯುದ್ದಕ್ಕೂ ಬಾಯಿ ತೆರೆದಿಟ್ಟು, ಮರುವರ್ಷ ಜೋಳ ಹಾಕಿದ. ಆದರೆ ನಮ್ಮ ಮಾತು ಹೊಸ ಪದ್ಧತಿಯಾಯಿತು. ಈಗ ಆ ಮನೆಯಲ್ಲಿ ಹಗೇವು ತೆರೆದರೆ ಮೊದಲು ಮೂಗು, ಆಮೇಲೆ ದೀಪ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಸರ್ ಅಂಥವರು ಸುಡುವುದಿಲ್ಲ. ಹೋದ ವರ್ಷ ಅವರಿಗೆ ಇನ್ನೊಂದು ಪ್ರಾಜೆಕ್ಟು ಬಂತು, ಈ ಸಲ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ಕಿಣ್ವ. ಬೀದರಿನ ಸಭಾಂಗಣದಲ್ಲಿ ಉದ್ಘಾಟನೆ. ವೇದಿಕೆಯ ಮೇಲೆ ಒಬ್ಬ ರೈತ ಬೇಕಿತ್ತು, ಅದೂ ರುಮಾಲು, ಕಂಬಳಿ ಇರುವ ರೈತ. ಮುತ್ಯಾನಿಗೆ ಶಾಲು ಹೊದಿಸುವುದೆಂದು ನಿರ್ಧಾರವಾಯಿತು. ‘ದೇಸಿ ಜ್ಞಾನದ ರಕ್ಷಕ’ ಎಂದು ಬ್ಯಾನರಿನಲ್ಲಿ ಬರೆಸಿದ್ದರು. ಮೂಢನಂಬಿಕೆ ಮತ್ತೆ ಬಡ್ತಿ ಪಡೆದಿತ್ತು. ಹೋಗಬೇಡ ಎಂದೆ. ಹೋಗ್ತೇನಿ, ಆದರೆ ನೀನೂ ಬರಬೇಕು ಎಂದ ಮುತ್ಯಾ. ಸುಟ್ಟ ಕೈಯಲ್ಲಿ ಈಗಲೂ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಬಸ್ಸಿನ ಕಂಬಿ ಹಿಡಿಯಲು ಒಬ್ಬರು ಬೇಕು ಎಂಬುದು ಅವನು ಕೊಟ್ಟ ಕಾರಣ.

ನಾನು ಎಂದಿನಂತೆ ಬಾಗಿಲ ಹತ್ತಿರ ನಿಲ್ಲಲು ಹೊರಟೆ. ಅವನು ಬಿಡಲಿಲ್ಲ, ವೇದಿಕೆಯ ಮೆಟ್ಟಿಲ ತನಕ ಕರೆದುಕೊಂಡು ಹೋದ. ಸರ್ ನನ್ನನ್ನು ನೋಡಿ ನಕ್ಕರು, ಹಳೆಯ ವಿದ್ಯಾರ್ಥಿನಿಯನ್ನು ನೋಡಿದ ಹಾಗೆ. ಶಾಲು, ಹಾರ, ಫೋಟೋ. ಆಮೇಲೆ ಸರ್ ಇಸ್ತ್ರಿ ಮಾಡಿದ ಕನ್ನಡದಲ್ಲಿ, ನಮ್ಮ ಹೆಮ್ಮೆಯ ಅನ್ನದಾತರು ದೀಪ ಬೆಳಗಿಸಬೇಕು ಎಂದರು. ಯಾರೋ ಹೊತ್ತಿಸಿದ ಮೇಣದಬತ್ತಿಯನ್ನು ಮುತ್ಯಾನ ಎಡಗೈಗೆ ಕೊಟ್ಟರು.

ಮುತ್ಯಾ ದೀಪದ ಕಂಬದ ಹತ್ತಿರ ಹೋಗಿ ಬಗ್ಗಿದ. ಹಚ್ಚಲಿಲ್ಲ. ಒಂದೊಂದೇ ಬತ್ತಿಯನ್ನು, ಎಣ್ಣೆಯನ್ನು, ಕೆಳಗಿನ ಹೂವನ್ನು ನಿಧಾನವಾಗಿ ಮೂಸಿದ. ಸಭೆ ನಕ್ಕಿತು. ಹಳ್ಳಿಯವನ ಮುಗ್ಧತೆ ಎಂದುಕೊಂಡಿರಬೇಕು. ಸರ್ ನಗಲಿಲ್ಲ. ಅವರ ಕಣ್ಣು ಒಮ್ಮೆ ಬಾಗಿಲ ಕಡೆ ಹೋದದ್ದನ್ನು ನಾನು ನೋಡಿದೆ.

ಮುತ್ಯಾ ನೆಟ್ಟಗೆ ನಿಂತು ಮೇಣದಬತ್ತಿಯನ್ನು ಸರ್ ಕೈಗೆ ಕೊಟ್ಟ.

“ನೀವೇ ಹಚ್ಚ್ರಿ ಸರ್. ನಾವು ಆ ಕಡಿ ನಿಂತು ನೋಡ್ತೇವ್ರಿ.”

ಮೈಕು ಹತ್ತಿರವಿದ್ದುದರಿಂದ ಅದು ಇಡೀ ಸಭೆಗೆ ಕೇಳಿಸಿತು. ಅವನು ಮೆಟ್ಟಿಲಿಳಿದು ಬಂದು, ಮಡಚದ ಬೆರಳಿನ ಕೈಯಿಂದ ನನ್ನ ದುಪಟ್ಟಾದ ಅಂಚು ಹಿಡಿದು, ಬಾಗಿಲ ತನಕ ಎಳೆದುಕೊಂಡು ಹೋದ. ಸರ್ ಒಬ್ಬರೇ ದೀಪದ ಮುಂದೆ ನಿಂತಿದ್ದರು. ಕ್ಯಾಮೆರಾ ಕಾಯುತ್ತಿತ್ತು. ಅವರು ತೋಳನ್ನು ಉದ್ದ ಮಾಡಿ, ಮುಖ ಹಿಂದೆ ಸರಿಸಿ, ಮೇಣದಬತ್ತಿಯ ತುದಿಯನ್ನು ಬತ್ತಿಗೆ ಮುಟ್ಟಿಸಿದರು. ಆ ಫೋಟೋ ಪತ್ರಿಕೆಯಲ್ಲಿ ಬರಲಿಲ್ಲ.

ಏನೂ ಆಗಲಿಲ್ಲ. ಅದರಲ್ಲಿ ಇದ್ದದ್ದು ಬರಿಯ ಒಳ್ಳೆಣ್ಣೆ. ಐದೂ ಬತ್ತಿ ಸಣ್ಣಗೆ, ಹಳದಿಯಾಗಿ, ಇದ್ದಷ್ಟೇ ಎತ್ತರಕ್ಕೆ ಉರಿದವು. ಮುತ್ಯಾ ಅವುಗಳನ್ನೇ ನೋಡುತ್ತಿದ್ದ. ಚಪ್ಪಾಳೆ ಮುಗಿದು ಭಾಷಣ ಶುರುವಾದ ಮೇಲೂ ಅವನು ನನ್ನ ದುಪಟ್ಟಾ ಬಿಟ್ಟಿರಲಿಲ್ಲ.